ಮಕ್ತುಮಸಾಬರ ಹಿಂದಿನ ಗಾಲಿ

ಹುಬ್ಬಳ್ಳಿಯ ಮೆಕ್ಯಾನಿಕ್ ಮಕ್ತುಮಸಾಬರ ಪ್ರಕಾರ ವೇಗದ ಕಾರೆಂದರೆ ಎಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗಳಿಗೇ ಹೋಗುವ ಕಾರು. ನಾಲ್ಕೂ ಗಾಲಿಗೆ ಬಲ ಹಂಚುವುದು ಅಂಜುಬುರುಕರ ಏರ್ಪಾಡು. ಒಪ್ಪದ ಗಿರಾಕಿಯನ್ನು ದುರ್ಗದಬೈಲಿನ ಪೇಟೆಗೆ ಕರೆದೊಯ್ದು ಬಾಳೆಹಣ್ಣಿನ ಕೈಗಾಡಿ ನೂಕಿಸುತ್ತಾರೆ. “ಹಿಂದಿಂದ ನೂಕಿದ್ರ ಹೆಂಗ ಸೊಂಟ ಬಳಕಿಸಿ ತಿರುಗತೈತಿ ನೋಡ್ರಿ!” ಗಾಡಿಯವನು ಬೈದರೆ ಒಂದು ಡಜನ್ ಹಣ್ಣು ಕೊಂಡು, ವಾದದಲ್ಲಿ ಸೋತವನಿಗೇ ತಿನ್ನಿಸುತ್ತಾರೆ. ಅವರ ಮಾತು ನಂಬಿ ಕಾರು ಬದಲಿಸಿದವರೂ ಇದ್ದಾರೆ. ಈ ಶ್ರಾವಣದಲ್ಲಿ ಮಗಳು ಯಾಸ್ಮಿನ ತನ್ನ ಮೊದಲ ಕಾರ್ ರ್‍ಯಾಲಿಗೆ ಹೊರಟಳು. ಮಳೆಗೆ, ಓಟ ನಡೆಯುವ ಶಿರಗುಪ್ಪಿಯ ಎರೆಮಣ್ಣಿನ ದಾರಿ ಬೆಣ್ಣೆಯಂತೆ ಜಾರುತ್ತಿತ್ತು. ಎರಡು ಬಗೆಯ ಕಾರೂ ಸಿದ್ಧವಿದ್ದವು. ಮಕ್ತುಮಸಾಬರು ನಾಲ್ಕೂ ಗಾಲಿಗೆ ಬಲವಿರುವ ಕಾರಿನ ಕೀಲಿಯನ್ನು ಅವಳ ಕೈಗಿಟ್ಟರು. ಯಾಸ್ಮಿನ ಅಪ್ಪನನ್ನು ನೋಡಿ ನಕ್ಕಳು: “ಅಬ್ಬಾ, ಮತ್ತ ಇಷ್ಟು ವರ್ಷ ಹೇಳಿದ್ದು?” “ಅದು ಮಂದಿ ಮಕ್ಕಳಿಗೆ ಹೇಳಿದ್ದು, ಬೇಟಾ.”