ಹೊನ್ನಕ್ಕನ ಇನ್ನೂರ ನಲವತ್ತು ಹೆಜ್ಜೆ

ಹೊನ್ನಕ್ಕನಿಗೆ ಆ ಸುಳ್ಳು ಹೇಳಿಕೊಟ್ಟವಳು ನಾನೇ. ಬುಕ್ಕಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹನ್ನೊಂದು ವರ್ಷ ನರ್ಸಾಗಿ ತಿರುಗಿದವಳು ನಾನು. ಎಷ್ಟೋ ಹೆರಿಗೆ ಮಾಡಿಸಿದ್ದೇನೆ, ಎಷ್ಟೋ ಜನರ ಹತ್ತಿರ ಬೈಸಿಕೊಂಡಿದ್ದೇನೆ, ಅದ್ಯಾವುದೂ ಈಗ ಕಾಡುವುದಿಲ್ಲ. ಇದೊಂದು ಕಾಡುತ್ತದೆ. ಹೊನ್ನಕ್ಕ ಹೋದ ವರ್ಷ ತೀರಿಕೊಂಡಳು. ಕೊನೆಯ ಎರಡು ವರ್ಷ ಮಗ್ಗುಲಾಗುವುದಕ್ಕೂ ಇನ್ನೊಬ್ಬರ ಕೈ ಬೇಕಿತ್ತು. ಹಟ್ಟಿಯವರು ಅವಳನ್ನು ಕುಂಟಿ ಹೊನ್ನಿ ಎಂದೇ ನೆನೆಯುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅವಳು ಹುಟ್ಟಾ ಕುಂಟಿಯಲ್ಲ. ಗೊಲ್ಲರ ಬೋರಪ್ಪನ ಹೆಂಡತಿ, ಕುರಿಗಳ ಹಿಂದೆ ಕಲ್ಲು ಮುಳ್ಳು ನೋಡದೆ ಓಡಾಡುತ್ತಿದ್ದವಳು. ಎಪ್ಪತ್ತೆಂಟನೇ ಇಸವಿಯಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ನಡೆಯುವಾಗ ಅವಳ ಎಡಗಾಲಿನ ಬೆರಳು ನೆಲಕ್ಕೆ ತೊಡರಲು ಶುರುವಾಯಿತು. ಒಂದು ಕಣ್ಣು ತಿಂಗಳುಗಟ್ಟಲೆ ಮಂಜಾಗಿದ್ದು ತಾನಾಗಿಯೇ ತಿಳಿಯಾಯಿತು. ಬಿಸಿಲೇರಿದರೆ ಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಕುಡಿದವರಂತೆ ತೂರಾಡುತ್ತಿದ್ದಳು. ಮಂಡಿಗೆ ಬರೆ ಹಾಕಿಸಿದ್ದೂ ಆಯಿತು.

"ಸೋಮಾರಿತನಕ್ಕೆ ಔಸ್ದಿ ಎಲ್ಲೈತೆ ನರ್ಸಮ್ಮಾ?" ಎಂದು ಅತ್ತೆ ಕೊಲ್ಲಾಪುರಮ್ಮ ನನ್ನನ್ನೇ ಕೇಳಿದ್ದಳು.

ನಾನೂ ಬೋರಪ್ಪನೂ ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರು ವಾರ ಇಟ್ಟುಕೊಂಡು ನೋಡಿದ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರದ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆಯಂತೆ, ವಾಸಿ ಮಾಡುವ ಮದ್ದಿಲ್ಲವಂತೆ. ವ್ಯಾಯಾಮ ಹೇಳಿಕೊಡುವವರು ಮಾತ್ರ ಕೈ ಬಿಡಲಿಲ್ಲ. ಬೆರಳು ಜೋತುಬೀಳದಂತೆ ಎತ್ತಿ ಹಿಡಿಯುವ ಕಬ್ಬಿಣದ ಪಟ್ಟಿಯ ಬೂಟು ಕೊಟ್ಟರು. ಬಿಸಿಲೇರುವ ಮೊದಲು ನಡೆಯಬೇಕು, ಹತ್ತು ಹೆಜ್ಜೆ ಹಾಕಿ ಕೂರಬೇಕು, ಮತ್ತೆ ಹತ್ತು ಹೆಜ್ಜೆ. ಮಂಡಿ ಎತ್ತಿ, ಮೊದಲು ಹಿಮ್ಮಡಿ ಊರಬೇಕು. ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಬೂಟಿನಲ್ಲಿ ಪಳಗಿದ ಮೇಲೆ ಬರಿಗಾಲು. ಮುಖ್ಯವಾಗಿ, ಅಭ್ಯಾಸ ಬಿಟ್ಟರೆ ಕಲಿತದ್ದು ಕೈಬಿಟ್ಟು ಹೋಗುತ್ತದೆ ಎಂದರು.

ಬೆಂಗಳೂರಿನವರಿಗೆ ಹಟ್ಟಿ ಗೊತ್ತಿಲ್ಲವಲ್ಲ! ಮುಳ್ಳುಬೇಲಿಯ ಬಾಗಿಲು ದಾಟಿ ಚಪ್ಪಲಿ ಒಳಗೆ ಬರುವಂತಿಲ್ಲ, ಒಳಗೆ ದೇವರಿದೆ. ಬೂಟಿನ ಮಾತು ಎತ್ತುವಂತೆಯೇ ಇರಲಿಲ್ಲ. ಬೇಲಿಯಾಚೆ ಹೋಗಿ ನಡೆಯೋಣವೆಂದರೆ, ಸೊಸೆಯಾದವಳು ಬೆಳಗಾಗೆದ್ದು ಬೂಟು ಹಾಕಿಕೊಂಡು ತಿರುಗುವುದುಂಟೇ ಎಂದು ಕೊಲ್ಲಾಪುರಮ್ಮ ಕುಣಿದಾಡಿಬಿಟ್ಟಳು. ಉಳಿದದ್ದು ಒಂದೇ ದಾರಿ. ತಿಂಗಳಿಗೆ ಐದು ದಿನ, ಮುಟ್ಟಾದಾಗ, ಹೆಂಗಸರು ಬೇಲಿಯಾಚೆಯ ಗುಡಿಸಿಲಲ್ಲಿ ಇರಬೇಕು. ಆಗ ಕೆಲಸವಿಲ್ಲ, ಹತ್ತಿರ ಬಂದು ತಡೆಯುವವರೂ ಇಲ್ಲ. ಆ ಪದ್ಧತಿಯನ್ನು ಕಂಡರೆ ಉರಿದುಬೀಳುತ್ತಿದ್ದ ನಾನೇ ಅದರ ಆಸರೆ ಹಿಡಿದೆ. ಗುಡಿಸಿಲ ಪಕ್ಕದ ಹುಣಸೆಮರದಡಿ ಸೊಂಟದೆತ್ತರಕ್ಕೆ ಎರಡು ಗಳ ಕಟ್ಟಿಸಿದೆ. ಅವುಗಳ ನಡುವೆ ಹಿಡಿದುಕೊಂಡು ಹೊನ್ನಕ್ಕ ನಡೆದಳು. ಐದನೆಯ ದಿನಕ್ಕೆ ಅರವತ್ತು ಹೆಜ್ಜೆ. ಆಮೇಲೆ ಇಪ್ಪತ್ತೈದು ದಿನ ಒಳಗೆ. ಮುಂದಿನ ತಿಂಗಳು ಮತ್ತೆ ಹತ್ತರಿಂದ ಶುರು. ಹೀಗೇ ವರ್ಷಗಳು ಹೋದವು.

ಎಂಬತ್ತೆರಡರಲ್ಲಿ ಮಗಳು ಕ್ಯಾತಮ್ಮನಿಗೆ ಗಂಡು ಗೊತ್ತಾಯಿತು. ಮದುವೆಯ ದಿನ ಹೆಣ್ಣಿನ ತಾಯಿ ಬಾವಿಯಿಂದ ಚಪ್ಪರಕ್ಕೆ ಬಿಂದಿಗೆ ನೀರು ತರಬೇಕು, ನಡುವೆ ಎಲ್ಲೂ ಇಳಿಸಬಾರದು.

"ನಮ್ಮವ್ವ ನನ್ ಮದ್ವೇಲಿ ತಂದಿದ್ಲು. ಇದೊಂದ್ ಕಿತ ನಡುದ್ಬುಟ್ರೆ ಸಾಕು ಕಣಮ್ಮ, ಆಮ್ಯಾಕೆ ಕಾಲು ಹೋದ್ರೂ ಹೋಗ್ಲಿ" ಎಂದಳು ಹೊನ್ನಕ್ಕ.

ನಾನೇ ದಾರಿ ಅಳೆದೆ. ಅವಳ ಹೆಜ್ಜೆಯಲ್ಲಿ ಇನ್ನೂರ ನಲವತ್ತು. ಬೇಲಿಯ ಬಾಗಿಲ ತನಕ ನೂರ ಎಂಬತ್ತು, ಒಳಗೆ ಬರಿಗಾಲಲ್ಲಿ ಅರವತ್ತು. ತಿಂಗಳಿಗೆ ಐದು ದಿನದ ಅಭ್ಯಾಸದಲ್ಲಿ ಅದು ಆಗುವ ಮಾತಲ್ಲ. ಆಗ ನಾನು ಹೇಳಿದೆ, "ತಿಂಗ್ಳಿಗೆ ಎರಡು ಸಲ ಹೊರಗಾದೆ ಅನ್ನು. ಯಾರು ಬಂದು ನೋಡ್ತಾರೆ?"

"ದ್ಯಾವ್ರು ನೋಡಾಕಿಲ್ವಾ?"

"ದೇವ್ರಿಗೆ ನಾನು ಹೇಳ್ಕೋತೀನಿ ಬುಡು."

ಎಷ್ಟು ಸಲೀಸಾಗಿ ಅಂದುಬಿಟ್ಟೆ! ಐದು ದಿನ ಹೊರಗೆ, ಹತ್ತು ದಿನ ಒಳಗೆ. ಕೊಲ್ಲಾಪುರಮ್ಮ ಅನುಮಾನದಿಂದ ವಿಚಾರಿಸಿದಾಗ, ಆ ಕಾಯಿಲೆಯೇ ಹಾಗೆ ಎಂದು ನಾನೇ ಸಾಕ್ಷಿ ನುಡಿದೆ. ಒಂಬತ್ತು ತಿಂಗಳು ಹೀಗೆ ನಡೆಯಿತು. ಮೊದಲು ಗಳ ಹಿಡಿದು, ಆಮೇಲೆ ಗಳ ಬಿಟ್ಟು, ಆಮೇಲೆ ಖಾಲಿ ಬಿಂದಿಗೆ, ಅರ್ಧ ಬಿಂದಿಗೆ, ತುಂಬಿದ ಬಿಂದಿಗೆ. ಬೂಟು ಕಳಚಿ ಅರವತ್ತು ಹೆಜ್ಜೆ ಹಾಕಿದ ಬೆಳಗ್ಗೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮದುವೆ ಸೋಮವಾರಕ್ಕೆ ನಿಶ್ಚಯವಾಯಿತು. ಆ ಸಲ ಹೊರಗಾದೆ ಎನ್ನದೆ ಒಳಗೇ ಇದ್ದರಾಯಿತು ಎಂದುಕೊಂಡಿದ್ದೆವು. ಆದರೆ ಕುರಿ ಈಯುವ ದಿನವನ್ನು ಉಣ್ಣೆದಾರಕ್ಕೆ ಗಂಟು ಹಾಕಿ ಎಣಿಸುವ ಮುದುಕಿ ಸೊಸೆಯ ದಿನವನ್ನೂ ಹಾಗೇ ಎಣಿಸುತ್ತಾಳೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಶುಕ್ರವಾರ ಕೊಲ್ಲಾಪುರಮ್ಮ ದಾರ ಹಿಡಿದು ಬಂದಳು. ಒಂಬತ್ತು ತಿಂಗಳಲ್ಲಿ ಒಂದು ಗಂಟೂ ಹಿಂದುಮುಂದಾಗಿರಲಿಲ್ಲ.

"ಸ್ವಾಮಾರಕ್ಕೆ ಸರಿಯಾಗಿ ಬತ್ತದೆ ಕಣವ್ವ. ಗಂಗಮ್ಮನ್ನ ಸೊಂಟದ ಮ್ಯಾಲೆ ಇಕ್ಕಂಡಾಗ ಹೊರಗಾಗ್ಬುಟ್ರೆ ಹೆಂಗೆ? ನೀನು ಆಚೆ ಇರು. ತಪ್ ತಿಳ್ಕಬ್ಯಾಡ ಮಗ, ನಿನ್ ಓರಗಿತ್ತಿ ತತ್ತಾಳೆ."

ಅಷ್ಟು ಮೆತ್ತಗೆ ಅವಳು ಸೊಸೆಯ ಹತ್ತಿರ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೊನ್ನಕ್ಕ ನನ್ನ ಮುಂಗೈ ಹಿಡಿದು ಹಿಂಡಿದಳು. ಮುದುಕಿ ಹೋದ ಮೇಲೆ ಹೇಳಿದಳು, "ಬ್ಯಾಡ ಕಣಮ್ಮ. ದ್ಯಾವ್ರ ವಿಸ್ಯದಾಗೆ ಸುಳ್ ಹೇಳಿದ್ ಮನೆ ಅಂದ್ರೆ ಮಗೀನ ಮದ್ವೆ ನಿಂತೋಯ್ತದೆ."

ಸೋಮವಾರ ಬೆಳಗ್ಗೆ ಅವಳು ಗುಡಿಸಿಲ ಮುಂದೆ ಬೂಟು ಹಾಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ತುಂಬಿದ ಬಿಂದಿಗೆ. ಹಟ್ಟಿಯ ಆ ಮಗ್ಗುಲಿಗಿದ್ದ ಬಾವಿಯ ಕಡೆ ವಾಲಗ ಶುರುವಾಯಿತು. ಹೊನ್ನಕ್ಕ ಬಿಂದಿಗೆ ಎತ್ತಿ ಸೊಂಟಕ್ಕೇರಿಸಿಕೊಂಡು ಬೇಲಿಯ ಪಕ್ಕದಲ್ಲೇ ನಡೆಯತೊಡಗಿದಳು. ನಾನು ಹಿಂದೆ ಹಿಂದೆ ಹೋದೆ. ಮಂಡಿ ಎತ್ತಿ, ಹಿಮ್ಮಡಿ ಊರಿ, ಬಾಯಲ್ಲಿ ಎಣಿಸುತ್ತ. ನೂರ ಎಂಬತ್ತಾದಾಗ ನಿಂತಳು. ಬಿಂದಿಗೆ ಇಳಿಸಲಿಲ್ಲ. ಕಾಲು ಮುಂದೆ ಚಾಚಿದಳು, ನಾನು ಬಗ್ಗಿ ಬೂಟಿನ ದಾರ ಬಿಚ್ಚಿದೆ. ಬೇಲಿಯೊಳಗೆ ಸೋಬಾನೆ ಹೇಳುತ್ತಿದ್ದರು. ಅರವತ್ತು ಹೆಜ್ಜೆಯನ್ನೂ ಬರಿಗಾಲಲ್ಲೇ ನಡೆದಳು. ಒಂದು ಸಲವೂ ತೊಡರಲಿಲ್ಲ, ತುಟಿಯ ತನಕ ತುಂಬಿದ ನೀರು ಸೀರೆಗೆ ತುಳುಕಲಿಲ್ಲ.

ಒಳಗೆ ವಾಲಗ ನಿಂತಿತು. ಓರಗಿತ್ತಿ ಚಪ್ಪರ ಸೇರಿದ್ದಳು. ಹೊನ್ನಕ್ಕ ಬೇಲಿಯ ಮುಳ್ಳಿನ ಮುಂದೆ ನಿಂತಿದ್ದಳು, ಕಾಲು ನಡುಗಲು ಶುರುವಾಗಿತ್ತು.

"ಆಯ್ತು ನರ್ಸಮ್ಮಾ, ಇನ್ನೂರ ನಲವತ್ತು" ಎಂದಳು. ಆಮೇಲೆ ಸುತ್ತ ನೋಡಿ ಕೇಳಿದಳು, "ಇದ್ನ ಈಗ ಎಲ್ಲಿ ಇಳುಸ್ಲಿ?"