ಕೂಸಿಲ್ಲದ ಬಾಣಂತಿಯ ಅಡಗಿ

ಆಗ ನನಗ ಅರವತ್ತೊಂದು. ಏಳು ವರ್ಷ ಆತು ಈ ಮಾತಿಗಿ. ವಯಸ್ಸು ಆಧಾರ್ ಕಾರ್ಡಿನ್ಯಾಗ ಬರದಂಗ ಹೇಳಾಕತ್ತೇನಿ. ಖರೇ ವಯಸ್ಸು ನಮ್ಮವ್ವಗೂ ನೆನಪಿರಲಿಲ್ಲ.

ಆ ವರ್ಷ ತಿಕೋಟಾದಾಗ ಥಂಡಿ ಭಾಳ ಬಿದ್ದಿತ್ತು. ಮುಂಜಾನೆ ಕೊಡದ ನೀರು ಮುಟ್ಟಿದ್ರ ಬೆರಳು ಸೆಟೀತಿದ್ವು. ಮನ್ಯಾಗ ನಾವು ಮೂರು ಮಂದಿ, ನಾನು, ಮಗ, ಸೊಸಿ. ಮಗ ಟಂಟಂ ಓಡಸ್ತಾನ, ತಿಕೋಟಾದಿಂದ ವಿಜಯಪುರಕ್ಕ ಮಂದೀನ ಹೇರಿಕೊಂಡು ಹೋಗಿ ಬರೂದು. ಸೊಸಿ ಮಮದಾಪುರದಾಕಿ. ಆಕಿ ಸಣ್ಣಾಕಿದ್ದಾಗನ ಅವ್ವ ಸತ್ತು ಹೋಗ್ಯಾಳ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು ಅಂತಾರ, ಆದ್ರ ಅವ್ವ ಇಲ್ಲದ ತವರಿನ್ಯಾಗ ಮಾಡವರು ಯಾರು? "ನಾನ ಮಾಡ್ತೀನಿ ಬಿಡು" ಅಂದೆ. ಪ್ರೀತಿ ಉಕ್ಕಿ ಅಂದದ್ದಲ್ಲ. ಮಾಡಾಕ ಬ್ಯಾರೆ ಯಾರೂ ಇರಲಿಲ್ಲ.

ಥಂಡಿ ದಿನದ ಅಡಗಿ ನನಗ ಕಷ್ಟದ್ದಲ್ಲ. ಕೈ ಬಿಗಿ ಇದ್ದವರಿಗಿ ಚಳಿಗಾಲನ ಚಲೋ, ಬಿಸಿ ಇದ್ರ ಏನು ಕೊಟ್ಟರೂ ಹೊಟ್ಟಿ ಒಪ್ಪತೈತಿ. ಹುಳ್ಳಿ ಕುದಿಸಿದ್ರ ಒಂದ ಗಡಿಗ್ಯಾಗ ಎರಡು ಅಡಗಿ. ಬಸಿದ ನೀರು ಕಟ್ಟು, ಅದಕ್ಕ ಹುಣಸಿಹುಳಿ, ಖಾರ, ಜಜ್ಜಿದ ಬಳ್ಳೊಳ್ಳಿ ಒಗ್ಗರಣಿ ಕೊಟ್ಟರ ಸಾರು. ಉಳಿದ ಕಾಳಿಗಿ ಉಳ್ಳಾಗಡ್ಡಿ ಹಾಕಿದ್ರ ಪಲ್ಯ. ಸಜ್ಜಿ ಹಿಟ್ಟು ಬಿಸಿನೀರಾಗ ನಾದಿ, ಬಡದು, ಮ್ಯಾಲ ಎಳ್ಳು ಒತ್ತಿದ್ರ ಆ ರೊಟ್ಟಿ ಸಂಜಿತನಕ ಮೈ ಬೆಚ್ಚಗ ಇಡತೈತಿ. ಪಲ್ಯಕ್ಕೂ ಏನೂ ಇಲ್ಲದ ದಿನ ಮುಟಗಿ. ದಪ್ಪನ್ನ ಜೋಳದ ರೊಟ್ಟಿ ಹಂಚಿನಿಂದ ಇಳಿಸಿದ ಕೂಡಲೆ ಬಳ್ಳೊಳ್ಳಿ, ಉಪ್ಪು, ಮೆಣಸಿನಕಾಯಿ ಜೋಡಿ ಕುಟ್ಟಿ, ಹನಿ ಎಣ್ಣಿ ಬಿಟ್ಟು, ಮುಷ್ಟ್ಯಾಗ ಹಿಚುಕಿ ಉಂಡಿ ಮಾಡಬೇಕು. ಕೈ ಸುಡತೈತಿ. ಸುಡಲಿ. ಆರಿದ ರೊಟ್ಟಿ ಪುಡಿ ಆಕ್ಕೈತಿ, ಮುಟಗಿ ಆಗಂಗಿಲ್ಲ.

ಮಗನಿಗಿ ನನ್ನ ರೊಟ್ಟಿಗಿ ಹೆಸರಿಡೂದಂದ್ರ ಭಾಳ ಖುಷಿ.

"ಯವ್ವಾ, ನಿನ್ನ ಸಜ್ಜಿ ರೊಟ್ಟಿ ನಮ್ಮ ಟಂಟಂ ಗಾಲಿಗಿ ಹಾಕಾಕ ಬರ್ತೈತಿ ನೋಡು."

"ಹಾಕ್ಕೋ ಲೇ. ನಿನ್ನ ಗಾಲಿ ಪಂಕ್ಚರ್ ಆಗತೈತಿ, ನನ್ನ ರೊಟ್ಟಿ ಆಗಂಗಿಲ್ಲ."

ಸೊಸಿ ಹೊಟ್ಟಿ ಹಿಡಕೊಂಡು ನಗತಿದ್ದಳು. "ನಗಸಬ್ಯಾಡ್ರಿ ಅತ್ತಿ, ಒಳಗ ಒದೀತೈತಿ" ಅಂತಿದ್ದಳು.

ದಿನ ತುಂಬಿದ ಮ್ಯಾಲ ವಿಜಯಪುರದ ದವಾಖಾನಿಗಿ ಒಯ್ದಿವಿ. ಹಡದಳು. ಕೂಸು ಅಳಲಿಲ್ಲ. ಡಾಕ್ಟರಮ್ಮ ಹೊರಗ ಬಂದು ಮಗನ ಹೆಗಲ ಮ್ಯಾಲ ಕೈ ಇಟ್ಟಾಗ ನನಗ ತಿಳೀತು. ಅರಿವ್ಯಾಗ ಸುತ್ತಿ ಕೊಟ್ಟರು. ಮಗ ಹೊಲದ ಬದುವಿನ್ಯಾಗ ಮಣ್ಣು ಮಾಡಿ ಬಂದು, ಕೈ ತೊಳಕೊಂಡು, ಟಂಟಂದಾಗನ ಕುಂತಬಿಟ್ಟ. ಒಳಗ ಬಾ ಅಂದ್ರ ಬರೂಹಂಗಿರಲಿಲ್ಲ. ಹಂಗ ಬಿಟ್ಟೆ.

ಸೊಸಿನ್ನ ಮನಿಗಿ ಕರಕೊಂಡು ಬಂದ ದಿನ ಬಬಲೇಶ್ವರದಿಂದ ನಮ್ಮಕ್ಕ ಬಸ್ಸಿಗಿ ಬಂದಳು. ಸೀದಾ ಅಡಗಿಮನಿಗಿ ಬಂದು ನನ್ನ ಬಾಜೂಕ ಕುಂತಳು.

"ನೋಡ ಬೇ, ಸಬ್ಬಸಗಿ ಹಾಕಬ್ಯಾಡ, ಬಳ್ಳೊಳ್ಳಿ ಮುಟ್ಟಬ್ಯಾಡ. ಅಳವಿ ಅಂತೂ ಹೆಸರ ತಗೀಬ್ಯಾಡ. ಹಾಲ ತುಂಬಿದ್ರ ಕುಡ್ಯಾಕ ಯಾರದಾರ? ಆಕಿ ಈಗ ಬಾಣಂತಿ ಅಲ್ಲ."

ಅಳವಿ ಅಂದ್ರ ಸಾಸಿವಿಗಿಂತ ತುಸು ಉದ್ದನ್ನ ಕೆಂಪು ಬೀಜ. ನೆನಸಿದ್ರ ಲೋಳಿ ಆಗತಾವ. ಬೆಲ್ಲ ಹಾಕಿ ಪಾಯಸ ಮಾಡಿ ಹಡದಾಕಿಗಿ ಕೊಡ್ತಾರ, ಹಾಲು ಇಳೀಲಿ, ನಡ ಗಟ್ಟಿ ಆಗಲಿ ಅಂತ. ಅಕ್ಕ ಹೇಳಿದ್ದು ನನಗೂ ಬರೋಬರಿ ಅನಿಸಿತು. ಕಟ್ಟಿದ ಹಾಲಿನ ನೋವು ನನಗ ಗೊತ್ತೈತಿ. ಆದ್ರ ನಮ್ಮ ಅಡಗಿಮನಿಗೂ ಆಕಿ ಮಲಗಿದ್ದ ಖೋಲಿಗೂ ನಡುವ ಬಾಗಲ ಇಲ್ಲ, ಒಂದು ಹಳೇ ಸೀರಿ ಪರದೆ. ಆಕಿ ಎಲ್ಲಾ ಕೇಳ್ಯಾಳ.

ಬಳ್ಳೊಳ್ಳಿ ಬಿಟ್ಟು ಜೀರಗಿ ಒಗ್ಗರಣಿ ಕೊಟ್ಟು ಕಟ್ಟು ಮಾಡಿದೆ. ನಮಗ ಬಡದ ಸಜ್ಜಿ ರೊಟ್ಟಿನ ಆಕಿಗೂ ಇಟ್ಟೆ. ಬಾಣಂತಿಗಿ ಬ್ಯಾರೆ ಗಡಿಗಿ, ಬ್ಯಾರೆ ಅಡಗಿ ಇರತೈತಿ. ಬಿಸಿ ಮೆತ್ತನ್ನ ಅನ್ನ, ಮೆಣಸಿನ ಸಾರು, ಆಕಿ ಉಂಡ ಮ್ಯಾಲ ಮಂದಿದು. ಇಲ್ಲಿ ಎಲ್ಲಾರದೂ ಒಂದ. ಆಕಿ ತಾಟ ನೋಡಿದಳು, ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಳು. ಮರುದಿನಾನೂ ಹಂಗ. ನುಚ್ಚು ಮಾಡಿ ಮಜ್ಜಗಿ ಕೊಟ್ಟೆ, ಬ್ಯಾಡ. ರೊಟ್ಟಿ ಮುರದು ಬಿಸಿ ಕಟ್ಟಿನ್ಯಾಗ ನೆನಸಿ ಕೊಟ್ಟೆ, ಬ್ಯಾಡ. ಮಗ ಪರದೆ ಸರಿಸಿ ನಿಂತು "ಒಂದ ತುತ್ತರ ತಿನ್ನು" ಅಂತಿದ್ದ. ಆಂವ ರೊಟ್ಟಿಗಿ ಹೆಸರಿಡೂದೂ ಬಿಟ್ಟಿದ್ದ. ಗಲ್ಲ ಒಳಗ ಹೋಗಿ ಆಕಿ ಹಲ್ಲ ಎದ್ದು ಕಾಣಾಕತ್ತಿದ್ವು. ಎರಡನೇ ಹೆಣಾ ಹೊರೂದು ಬರತೈತಿ ಅಂತ ನನಗ ಖರೇನ ಅಂಜಿಕಿ ಹತ್ತಿತು.

ಒಂದ ಸಂಜಿಕ ಇಟ್ಟ ತಾಟ ಹಂಗ ಇದ್ದದ್ದು ನೋಡಿ ನನಗ ಸಿಟ್ಟು ಬಂತು.

"ಏ, ಹಿಂಗ ಮಾಡಿದ್ರ ನಿನ್ನನ್ನೂ ಆ ಬದುವಿಗಿ ಒಯ್ಯಬೇಕಾಕ್ಕೈತಿ. ಏನ ಬೇಕ ಅದನ್ನರ ಹೇಳು. ಎಲ್ಲಾರೂ ಉಣ್ಣೂ ರೊಟ್ಟಿ ನಿನಗಷ್ಟ ಯಾಕ ಬ್ಯಾಡ?"

"ಅದಕ್ಕ ಬ್ಯಾಡ್ರಿ ಅತ್ತಿ. ಎಲ್ಲಾರೂ ಉಣ್ಣೂದು ಅದು. ನನಗ ಬಾಣಂತಿ ಅಡಗಿ ಮಾಡ್ರಿ, ಉಣ್ತೀನಿ."

ಅಕ್ಕ ಇನ್ನೂ ಇದ್ದಳು. "ಯಪ್ಪಾ, ಹುಡಿಗಿ ತಲಿ ಕೆಟ್ಟೈತಿ" ಅಂದಳು.

"ಹಾಲು ಬರ್ತಾವ ಬೇ, ತ್ರಾಸ ಆಕ್ಕೈತಿ" ಅಂದೆ ನಾನು ಸೊಸಿಗಿ.

ಆಕಿ ಸೆರಗು ಸರಿಸಿದಳು. ಕುಬಸದ ಮ್ಯಾಲ ಅರಿವಿ ಬಿಗದು ಕಟ್ಟಿಕೊಂಡಿದ್ದಳು. ಅದು ತೊಯ್ದಿತ್ತು.

"ಬಂದಾವ್ರಿ. ನೀವು ಬಳ್ಳೊಳ್ಳಿ ಬಿಟ್ಟರ ನಿಂದರ್ತಾವೇನ್ರಿ? ಮಂದಿ ಬರ್ತಾರ, ಜಡ್ಡಿನಾಕಿನ್ನ ಮಾತಾಡಿಸಿದಂಗ ಮಾತಾಡಿಸಿ, ಆರಾಮ ಆಗು ಅಂತ ಹೇಳಿ ಹೋಗ್ತಾರ. ನನಗ ಜಡ್ಡಾಗಿಲ್ರಿ ಅತ್ತಿ. ನಾ ಹಡದೇನಿ. ಹಡದಾಕಿಗಿ ಏನ ಮಾಡ್ತಾರ ಅದನ್ನ ನನಗ ಮಾಡ್ರಿ. ಇಲ್ಲಂದ್ರ ನಾ ಹಡದೇ ಇಲ್ಲ ಅಂದಂಗ ಆಗತೈತಿ."

ಆಕಿ ಮುಟ್ಟದ ತಾಟ ಎತ್ತಿಕೊಂಡು ಒಲಿ ಕಡೆ ಹೊಂಟೆ.

ಅಕ್ಕ ಬಿಡಲಿಲ್ಲ. "ಕೂಸಿಲ್ಲದ ಬಾಣಂತನ ಎಲ್ಲ್ಯರ ಕೇಳೀ ಏನ ಬೇ ತಂಗಿ? ಊರ ಮಂದಿ ನಗ್ತಾರ."

"ನಗವರು ನಗಲಿ. ಅವರ ಮನಿ ಹಿಟ್ಟ ತಂದೇನಿ ಏನು ನಾ?"

"ಹೇಳವರು ಹೇಳಬೇಕು ಅಂತ ಹೇಳಿದೆ ತಾಯಿ" ಅಂತ ಅಕ್ಕ ಹೊಳ್ಳಿ ಕುಂತಳು. ಹೊಳ್ಳಿ ಕುಂತಾಕಿ ಕಣ್ಣ ಒರಸಿಕೊಂಡಳು. ಆಕಿನೂ ಒಂದು ಕಳಕೊಂಡಾಕಿನ, ಭಾಳ ಹಿಂದ. ಆಕಿಗಿ ಯಾರೂ ಬ್ಯಾರೆ ಗಡಿಗಿ ಇಟ್ಟಿರಲಿಲ್ಲ. ಮೂರನೇ ದಿನಕ್ಕ ಹೊಲದಾಗ ಕಳೆ ಕೀಳಾಕ ಕಳಿಸಿದ್ರು.

ನಾ ಮದಲ ಮಾಡಿದ್ದು ತಪ್ಪು ಅಂತ ಇವತ್ತೂ ಅನ್ನಂಗಿಲ್ಲ. ಎಲ್ಲಾರೂ ಹಂಗ ಮಾಡ್ತಾರ. ಆದ್ರ ನೋವು ಆಕೀದು, ಹಾಲೂ ಆಕೀದು.

ಮನ್ಯಾಗ ಇದ್ದಷ್ಟು ಬಳ್ಳೊಳ್ಳಿ ಸುಲದೆ. ಬಿಸಿ ರೊಟ್ಟಿ ಕುಟ್ಟಿ ಮುಟಗಿ ಮಾಡಿದೆ, ಮೆಣಸಿನಕಾಯಿ ಬಿಟ್ಟು ಕರಿಮೆಣಸು ಹಾಕಿ. ಆಕೀದು ಬ್ಯಾರೆ ತಾಟಿನ್ಯಾಗ ಇಟ್ಟೆ. "ಮದಲ ಬಾಣಂತಿ ಉಣಲಿ, ಆಮ್ಯಾಲ ನಿನಗ" ಅಂತ ಮಗನಿಗಿ ಎಲ್ಲಾರಿಗೂ ಕೇಳೂಹಂಗ ಹೇಳಿದೆ. ಆಂವ ಕೆಳಗ ನೋಡಿದ. ಆಕಿ ಎದ್ದು ಕುಂತು ತಿಂದಳು. ತಿಂತ ತಿಂತ ಅತ್ತಳು. ದವಾಖಾನಿಯಿಂದ ಬಂದ ಮ್ಯಾಲ ದನಿ ತಗದು ಅತ್ತದ್ದು ಅದ ಮದಲ. ಸುಮ್ಮನಿರು ಅಂತ ನಾ ಅನ್ನಲಿಲ್ಲ. ಉಪ್ಪು ಸಾಕೇನು ಅಂತ ಕೇಳಿದೆ. ಸಾಕ್ರಿ ಅಂದಳು.

ಮರುದಿನ ಮುಂಜಾನೆ ಶಾಲು ಹೊತಗೊಂಡು ಬಸ್ ಸ್ಟ್ಯಾಂಡ್ ಬಾಜೂಕಿನ ಕಿರಾಣಿ ಅಂಗಡಿಗಿ ಹೋದೆ. ಅಂಗಡಿಯಾಂವ ಆಗಷ್ಟ ಷಟರ್ ಎತ್ತಿದ್ದ. ತುಸು ಅಳವಿ, ಒಂದು ಬಟ್ಟಲ ಒಣಕೊಬ್ಬರಿ, ಬೆಲ್ಲ ಕೇಳಿದೆ. ತುಪ್ಪ ಕೇಳಲಿಲ್ಲ, ನಮಗ ನೀಗತಿರಲಿಲ್ಲ. ನಮ್ಮನಿ ಸುದ್ದಿ ಆಂವಗ ಮುಟ್ಟಿರಲಿಲ್ಲ ಕಾಣತೈತಿ. ಅಳವಿ ತೂಗೂತ ನಕ್ಕ.

"ಅಜ್ಜಿ ಆದ್ರೇನ್ರಿ? ಗಂಡೋ, ಹೆಣ್ಣೋ?"

"ಹೆಣ್ಣು" ಅಂದೆ. "ಬೆಲ್ಲ ಕರೀದು ಕೊಡು."