ಮುನೀರಾ ಕಲಿಸಿದ ಮೌನ

ಕಮಲಾಪುರದಿಂದ ಕಲಬುರಗಿಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಟೆಂಪೊದಲ್ಲಿ ಮುನೀರಾ ಆಯಾ ಆಗಿದ್ದಳು. ಮೂಗು ಒರೆಸುವುದು, ಬೂಟಿನ ಲಾಡಿ ಕಟ್ಟುವುದು, ವಾಂತಿ ಬಂದವರಿಗೆ ನಿಂಬೆಹಣ್ಣು ಮೂಸಿಸುವುದು ಅವಳ ಕೆಲಸ. ಮಕ್ಕಳು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಯಾವುದಕ್ಕೂ ಹೇಸದವಳು ದೊಡ್ಡ ದನಿಗೆ ಮಾತ್ರ ಹೆದರುತ್ತಿದ್ದಳು. ಶಹಾಬಜಾರದ ತವರಿನಲ್ಲಿ ಅಪ್ಪ ಕೂಗಿದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಮದುವೆಯಾಗಿ ಕಮಲಾಪುರಕ್ಕೆ ಬಂದ ಮೇಲೆ ಗಂಡ ಕೂಗಿದರೆ ಒಲೆಯ ಮುಂದೆ ಮುದುರಿ ಕೂರುತ್ತಿದ್ದಳು. ಗಂಡ ತೀರಿಕೊಂಡ, ಹೆದರಿಕೆ ಮಾತ್ರ ಮನೆಯಲ್ಲೇ ಉಳಿಯಿತು. ಸುಮ್ಮನಿದ್ದರೆ ಬಿರುಗಾಳಿ ತಲೆಯ ಮೇಲಿಂದ ಹಾದುಹೋಗುತ್ತದೆ ಎಂಬುದೊಂದೇ ಬದುಕು ಅವಳಿಗೆ ಕಲಿಸಿದ್ದು.

ಅದನ್ನೇ ಅವಳು ಆಸ್ಫಿಯಾಗೂ ಕಲಿಸಿದಳು.

ಆಸ್ಫಿಯಾ ಒಂದನೇ ತರಗತಿಯ ಪುಟ್ಟ ಹುಡುಗಿ. ಏಳನೇ ತರಗತಿಯ ತನ್ವೀರ್ ದಿನಾ ಅವಳ ಡಬ್ಬಿ ಕಸಿಯುತ್ತಿದ್ದ, ಜಡೆ ಎಳೆಯುತ್ತಿದ್ದ. "ಏ ಗೂಂಗಿ, ಬಾಯಾಗ ನಾಲಿಗಿ ಐತೊ ಇಲ್ಲೊ? ತೋರಸು," ಎಂದು ಗದ್ದ ಹಿಡಿದು ಅಲುಗಿಸುತ್ತಿದ್ದ. ಉಳಿದವರು ನಗುತ್ತಿದ್ದರು. ಅವನು ಟೆಂಪೊದ ಮಾಲೀಕ ಚಾಂದಪಾಶಾನ ಮಗ. ಅವನನ್ನು ಒಮ್ಮೆ ಗದರಿದ ಹಿಂದಿನ ಆಯಾ ಮರುದಿನ ಕೆಲಸದಲ್ಲಿರಲಿಲ್ಲ.

"ಚುಪ್ ಇರು ಬೇಟಾ," ಎಂದು ಮುನೀರಾ ಮಗುವಿನ ಕಿವಿಯಲ್ಲಿ ಹೇಳುತ್ತಿದ್ದಳು. "ಆವಾಜ್ ಮಾಡಬ್ಯಾಡ. ನೀ ಅತ್ತಷ್ಟೂ ಅವಗ ಮಜಾ ಬರ್ತದ."

ಮಾರ್ಚಿನ ಒಂದು ಶನಿವಾರ. ಶಾಲೆಯ ಗೇಟಿನಲ್ಲಿ ಒಂದು ಮಗುವಿಗೆ ವಾಂತಿಯಾಯಿತು. ಮುನೀರಾ ಅದರ ಬಾಯಿ ತೊಳೆಸುತ್ತಿದ್ದಾಗ ಉಳಿದವರು ತಾವೇ ಇಳಿದು ಓಡಿದರು. ಚಾಲಕ ಮಲ್ಲಣ್ಣ ಟೆಂಪೊ ತಿರುಗಿಸಿಕೊಂಡು ನಂದೂರಿಗೆ ಹೋದ. ಶಾಲೆ ಬಿಡುವವರೆಗೆ ಅಲ್ಲಿನ ಬೇಳೆ ಮಿಲ್ಲಿನ ಹತ್ತಿರ ಗಾಡಿ ನಿಲ್ಲಿಸುವುದು ಅವನ ರೂಢಿ; ಮುನೀರಾ ಶಾಲೆಯಲ್ಲೇ ಉಳಿಯುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಒಂದನೇ ತರಗತಿಯ ಟೀಚರ್ ಬಾಗಿಲಿಗೆ ಬಂದರು. "ಮುನೀರಾ, ಆಸ್ಫಿಯಾ ಯಾಕ ಬಂದಿಲ್ಲ? ಜ್ವರ ಏನು?"

ಮುನೀರಾ ಓಡಿದಳು. ಬಚ್ಚಲು, ಅಂಗಳ, ನೀರಿನ ಟಾಕಿಯ ಹಿಂದೆ ಎಲ್ಲ ಕಡೆ ಹುಡುಕಿದಳು. ಏಳನೇ ತರಗತಿಯ ಕಿಟಕಿಯಿಂದ ತನ್ವೀರ್ ಅವಳನ್ನೇ ನೋಡುತ್ತಿದ್ದ. ಅವನ ಮುಖ ಬಿಳಿಚಿತ್ತು. ಮುನೀರಾ ಕಿಟಕಿಗೆ ಹೋಗಿ ಕೇಳಿದಳು.

"ಸೀಟಿನ ಕೆಳಗ ಅಡಗಿಕೋ, ಇಳದರ ಜಡಿ ಕತ್ತರಸ್ತೀನಿ ಅಂದಿದ್ದೆ," ಎಂದ. "ಮಸ್ಕರಿ ಮಾಡಿದ್ದೆ, ಖಾಲಾ."

ಮಲ್ಲಣ್ಣ ಫೋನು ಎತ್ತಲಿಲ್ಲ. ಮುನೀರಾ ಆಟೊ ಹತ್ತಿದಳು. ದಾರಿಯುದ್ದಕ್ಕೂ ಅವಳ ಕಣ್ಣಿಗೆ ಬೀಳುತ್ತಿದ್ದುದು ಬಿಸಿಲೊಂದೇ: ಕಾದ ತಗಡು, ಕಾದ ಗೋಡೆ, ನಾಲಿಗೆ ಚಾಚಿ ಮಲಗಿದ ನಾಯಿ. ಮಿಲ್ಲಿನ ಯಂತ್ರಗಳ ಗದ್ದಲದಲ್ಲಿ ಟೆಂಪೊ ಗಾಜುಗಳೆಲ್ಲ ಮುಚ್ಚಿಕೊಂಡು ನಿಂತಿತ್ತು. ಮಲ್ಲಣ್ಣ ಪಕ್ಕದ ಬೇವಿನ ನೆರಳಲ್ಲಿ ಮಲಗಿದ್ದ.

"ಯಾಕವ್ವ, ಓಡಿ ಬಂದಿ?"

"ಬಾಗಲಾ ತಗಿ."

ಕೊನೆಯ ಸೀಟಿನ ಕೆಳಗೆ ಆಸ್ಫಿಯಾ ಮುದುರಿಕೊಂಡಿದ್ದಳು. ಬೆವರಿಗೆ ಅಂಗಿ ಮೈಗೆ ಅಂಟಿತ್ತು, ತುಟಿ ಒಣಗಿತ್ತು. ಎರಡೂ ಅಂಗೈಯಿಂದ ತನ್ನ ಬಾಯಿ ತಾನೇ ಮುಚ್ಚಿಕೊಂಡಿದ್ದಳು. ಮುನೀರಾ ಅವಳನ್ನು ಎಳೆದು ನೆರಳಿಗೆ ತಂದು, ಸೆರಗು ತೋಯಿಸಿ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು.

"ನಾ ಇಲ್ಲೇ ಇದ್ದೆನಲ್ಲ ತಂಗಿ," ಎಂದ ಮಲ್ಲಣ್ಣ. "ಯಾಕ ಕೂಗಲಿಲ್ಲ?"

ಮಗು ಮುನೀರಾಳ ಕಡೆ ನೋಡಿತು. "ಖಾಲಾನೇ ಹೇಳ್ಯಾಳ. ಆವಾಜ್ ಮಾಡಬ್ಯಾಡ ಅಂತ."

ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ಸಂಜೆಗೆ ಮಗು ಚೇತರಿಸಿಕೊಂಡಿತು. "ಹುಡುಗರ ಆಟ ಅದು. ಊರಾಗ ಬಾಯಿ ಬಿಡಬ್ಯಾಡ," ಎಂದ ಚಾಂದಪಾಶಾ. ಮುನೀರಾ ತಲೆಯಾಡಿಸಿದಳು. ಆದರೆ ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮರುದಿನ ಆಸ್ಫಿಯಾಳ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಅವಳ ತಾಯಿಗೆ ಹೇಳಿ, ಮಗುವನ್ನು ಹಿತ್ತಲಿಗೆ ಕರೆದಳು.

"ನಾ ಸುಳ್ಳು ಪಾಠ ಹೇಳಿಕೊಟ್ಟೆ ಬೇಟಾ. ಈಗ ಖರೇದು ಕಲಿಯೋಣ. ಅವ ಕೈ ಹಾಕಿದರ 'ನಕೋ', ಬ್ಯಾಡ ಅನ್ನಬೇಕು. ಜೋರಾಗಿ. ಆಮ್ಯಾಲ ನನ್ನ ಕರೀಬೇಕು."

"ನೀ ಮೊದಲು ಅನ್ನು."

ಮುನೀರಾ ಕೂಗಿದಳು. ಬಂದದ್ದು ಕೊರಳು ಹಿಸುಕಿದ ಕೋಳಿಯ ದನಿ. ಆಸ್ಫಿಯಾ ನಕ್ಕಳು. ಇಬ್ಬರೂ ಮತ್ತೆ ಮತ್ತೆ ಕೂಗಿದರು.

ಕೆಲವು ದಿನ ತನ್ವೀರ್ ತಣ್ಣಗಿದ್ದ. ಆಮೇಲೊಂದು ಬೆಳಿಗ್ಗೆ ಅವನ ಕೈ ಮತ್ತೆ ಡಬ್ಬಿಗೆ ಬಂತು.

"ನಕೋ," ಎಂದಳು ಆಸ್ಫಿಯಾ.

"ಅರೆ, ಗೂಂಗಿ ಮಾತಾಡಾಕತ್ತಾಳ, ಕೇಳ್ರಿ," ಎನ್ನುತ್ತ ಅವನು ಡಬ್ಬಿ ಕಸಿದುಕೊಂಡ. ಎಲ್ಲರೂ ನಕ್ಕರು.

"ಖಾಲಾ."

ಈ ಕೆಲಸ ಹೋದರೆ ಇನ್ನೊಂದಿಲ್ಲ. ಆದರೂ ಮುನೀರಾ ಸೀಟಿನ ಸರಳು ಹಿಡಿದು ಎದ್ದು ನಿಂತಳು.

"ಮಲ್ಲಣ್ಣ, ಗಾಡಿ ನಿಲ್ಲಸು."

ಟೆಂಪೊ ರಸ್ತೆಯ ಬದಿಗೆ ನಿಂತಿತು. ನಗು ನಿಂತಿತು.

"ಅವಳ ಡಬ್ಬಿ ಕೊಡು, ತನ್ವೀರ್."

"ಅಬ್ಬಾಗ ಹೇಳ್ತೀನಿ."

"ಹೇಳು. ಸಂಜಿಗೆ ನಾನೂ ಬರ್ತೀನಿ. ಇಬ್ಬರೂ ಕೂಡೇ ಹೇಳೋಣ."

ಅವನು ಮಲ್ಲಣ್ಣನ ಕಡೆ ನೋಡಿದ. ಮಲ್ಲಣ್ಣ ಚಾವಿ ತಿರುಗಿಸಿ ಇಂಜಿನ್ನನ್ನೇ ಬಂದ್ ಮಾಡಿದ. ತನ್ವೀರ್ ಡಬ್ಬಿಯನ್ನು ಸೀಟಿನ ಮೇಲಿಟ್ಟ.

ಟೆಂಪೊ ಮತ್ತೆ ಹೊರಟಿತು. ಆಸ್ಫಿಯಾ ಡಬ್ಬಿ ತೆರೆದು, ಊಟದ ಹೊತ್ತಿಗೂ ಕಾಯದೆ, ಎಲ್ಲರ ಮುಂದೆ ತಿನ್ನತೊಡಗಿದಳು. ಪಕ್ಕದಲ್ಲಿ ಕೂತ ಮುನೀರಾ, ಸಂಜೆ ಚಾಂದಪಾಶಾನ ಮುಂದೆ ಆಡಬೇಕಾದ ಮೊದಲ ಮಾತನ್ನು ತುಟಿಯಲ್ಲೇ ಹೇಳಿಕೊಂಡು ನೋಡುತ್ತಿದ್ದಳು. ಅದಿನ್ನೂ ಸರಿಯಾಗಿ ಬರುತ್ತಿರಲಿಲ್ಲ.